ಕುತ್ತಿಗೆಯ ಒಂದು ಹೊಲಿಗೆ

ಪ್ರೇಮನಾಥನ ಯಕೃತ್ತು ಮತ್ತು ಎರಡು ಮೂತ್ರಪಿಂಡಗಳು ಐಸಿನ ಪೆಟ್ಟಿಗೆಗಳಲ್ಲಿ ಮಂಗಳೂರಿಗೆ ಹೊರಟವು. ಕಣ್ಣುಗಳನ್ನು ಇನ್ನೊಂದು ತಂಡ ಒಯ್ದಿತು. ಪೆಟ್ಟಿಗೆಗಳ ಹಿಂದೆಯೇ ದೊಡ್ಡ ಸರ್ಜನರೂ ಹೋದರು. ಪುತ್ತೂರಿನ ಆ ಆಸ್ಪತ್ರೆಯ ಆಪರೇಶನ್ ಕೋಣೆಯಲ್ಲಿ ಉಳಿದದ್ದು ದೇಹ, ಅದನ್ನು ಹೊಲಿದು ಮುಚ್ಚಬೇಕಾದ ಕಿರಿಯ ಡಾಕ್ಟರ್ ಅಭಿರಾಮ್ ಮತ್ತು ಎರಡು ದಿನದಿಂದ ಮನೆ ಕಾಣದ ಸಿಸ್ಟರ್ ಸುಪ್ರಿತಾ. ಒಯ್ಯುವವರಿಗೆ ಯಾವಾಗಲೂ ಅವಸರ, ಮುಚ್ಚುವ ಕೆಲಸ ಉಳಿದವರ ತಲೆಗೆ.

ಅಭಿರಾಮ್ ದೂರದೂರಕ್ಕೆ ಹೊಲಿಗೆ ಹಾಕತೊಡಗಿದ.

"ಬಿಚ್ಚಿ ಡಾಕ್ಟ್ರೇ," ಎಂದಳು ಸುಪ್ರಿತಾ. "ಒತ್ತಾಗಿ ಹಾಕಿ, ಎರಡು ಪದರ."

"ಇನ್ನು ಯಾರಿಗೆ ನೋಡ್ಲಿಕ್ಕೆ ಉಂಟು ಸಿಸ್ಟರ್?"

"ತಾಯಿಗೆ. ಮನೆಯಲ್ಲಿ ನೀರು ಹೊಯ್ದು ಮೀಯಿಸ್ತಾರೆ."

ಕಡಬದಲ್ಲಿ ಜೀಪು ಓಡಿಸುತ್ತಿದ್ದ ಪ್ರೇಮನಾಥ ಮಿದುಳಿನೊಳಗೆ ರಕ್ತನಾಳ ಒಡೆದು ಮೂರೇ ದಿನದಲ್ಲಿ ಮುಗಿದುಹೋಗಿದ್ದ. ಅಂಗದಾನದ ಕಾಗದಕ್ಕೆ ಸಹಿ ಹಾಕುವಾಗ ಅವನ ಹೆಂಡತಿ ಜಲಜಾಕ್ಷಿ ಸುಪ್ರಿತಾಳ ಕೈ ಹಿಡಿದುಕೊಂಡಿದ್ದಳು. "ಅತ್ತೆಗೆ ಆಪರೇಶನ್ ಅಂತ ಮಾತ್ರ ಹೇಳಿದ್ದು. ಮೀಯಿಸುವಾಗ ನೀರು ಹೊಯ್ಯುದು ಅವರೇ. ಒಂದು ಹನಿ ರಕ್ತ ಕಂಡರೂ ಅವರು ತಡ್ಕೊಳ್ಳುದಿಲ್ಲ."

"ಕಾಣುದಿಲ್ಲಮ್ಮ," ಎಂದು ಸುಪ್ರಿತಾ ಮಾತು ಕೊಟ್ಟುಬಿಟ್ಟಿದ್ದಳು. ಆ ಮಾತಿಗಾಗಿಯೇ ಹೊಲಿಗೆ ಮುಗಿಯುವವರೆಗೆ ನಿಂತಳು. ಕಾಲು ಕಂಬವಾಗಿತ್ತು.

ಮಧ್ಯಾಹ್ನ ಕುಂಬ್ರದ ಮನೆಗೆ ಮುಟ್ಟಿ, ಊಟವೂ ಬೇಡವೆಂದು ಬಚ್ಚಲಿಗೆ ಹೋದಳು. ಎರಡು ಚೆಂಬು ಬಿಸಿನೀರು ಹೊಯ್ದುಕೊಂಡಾಗ ತನ್ನ ಬೆರಳಿನ ಗಾಯಕ್ಕೆ ಸುತ್ತಿದ್ದ ಪ್ಲಾಸ್ಟರ್ ಮೆತ್ತಗಾಗಿ ಜಾರಿ ಬಿತ್ತು. ಸುಪ್ರಿತಾ ಚೆಂಬು ಕೆಳಗಿಟ್ಟಳು. ಔಷಧಿಗೆಂದು ಪ್ರೇಮನಾಥನ ಕುತ್ತಿಗೆಗೆ ಹಾಕಿದ್ದ ನಳಿಗೆಯನ್ನು ಅವಳೇ ಎಳೆದು, ಆ ತೂತಿನ ಮೇಲೆ ಹತ್ತಿಯಿಟ್ಟು ಇಂಥದೇ ಪ್ಲಾಸ್ಟರ್ ಅಂಟಿಸಿದ್ದಳು. ಡಾಕ್ಟರನ್ನು ಗದರಿಸಿ ಅಷ್ಟುದ್ದದ ಗಾಯ ಹೊಲಿಸಿದವಳು, ಈ ತೂತಿಗೆ ಒಂದೇ ಒಂದು ಹೊಲಿಗೆ ಮರೆತಿದ್ದಳು. ನೀರು ಬಿದ್ದರೆ ಪ್ಲಾಸ್ಟರ್ ಏಳುತ್ತದೆ, ರಕ್ತ ಜಿನುಗುತ್ತದೆ. ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು, ಸಿಟ್ಟು ಮಾಡಿಕೊಳ್ಳುವಷ್ಟು ತ್ರಾಣ ಮಾತ್ರ ಇರಲಿಲ್ಲ.

ದೇಹವನ್ನು ಕಡಬದ ಮನೆಗೆ ಒಯ್ದಿದ್ದ ಆಂಬುಲೆನ್ಸಿನ ಫಯಾಝ್‌ಗೆ ಫೋನ್ ಮಾಡಿದಳು. "ಮೀಯಿಸಿ ಆಯ್ತಾ?"

"ಇಲ್ಲ ಸಿಸ್ಟರ್. ಅವನ ತಂಗಿ ಬರ್ಬೇಕಂತೆ. ನೀರು ಕಾಯಿಸಿ ಇಟ್ಟಿದ್ದಾರೆ."

"ಗಾಡಿಯಲ್ಲಿ ಹೊಲಿಗೆಯ ಸೂಜಿ ಉಂಟಲ್ಲ? ನಾನು ಬರುವವರೆಗೆ ಮೀಯಿಸುದನ್ನು ನಿಲ್ಲಿಸು ಮಾರಾಯ."

ಒದ್ದೆ ತಲೆಯಲ್ಲೇ ರಿಕ್ಷಾ ಹತ್ತಿದಳು. ಕಡಬದವರೆಗಿನ ತಿರುವುಗಳಲ್ಲೆಲ್ಲ ನಿದ್ದೆ ತೂಗಿ ತಲೆ ಕಂಬಿಗೆ ಬಡಿಯಿತು.

ಅಂಗಳದಲ್ಲಿ ಸೀರೆ ಕಟ್ಟಿ ಮರೆ ಮಾಡಿ, ದೇಹವನ್ನು ಹಲಗೆಯ ಮೇಲೆ ಮಲಗಿಸಿದ್ದರು. ಮಗನ ತಲೆಯ ಬಳಿ ತಾಯಿ ಸೀತು ಕೂತಿದ್ದರು. ದಾರಿಯಲ್ಲಿ ಕಟ್ಟಿಕೊಂಡ ಸುಳ್ಳೆಲ್ಲ ಸುಪ್ರಿತಾಳಿಗೆ ಅಲ್ಲಿ ಮರೆತೇಹೋಯಿತು.

"ಕುತ್ತಿಗೆಗೆ ಒಂದು ಹೊಲಿಗೆ ಬಾಕಿ ಆಗಿತ್ತಮ್ಮ. ನನ್ನದೇ ತಪ್ಪು."

ಸೀತು ಮಗನ ತಲೆಯನ್ನು ಓರೆ ಮಾಡಿ ಹಿಡಿದುಕೊಂಡರು. ಸುಪ್ರಿತಾ ಫಯಾಝ್ ತಂದ ಸೂಜಿಯಲ್ಲಿ ಹೊಲಿದು ದಾರ ಕತ್ತರಿಸಿದಳು.

"ಇವನಿಂದ ಎಷ್ಟು ಜನ ಬದುಕ್ತಾರೆ ಮಗಾ?" ಸೀತು ಕೇಳಿದರು.

ಪಕ್ಕದಲ್ಲಿದ್ದ ಜಲಜಾಕ್ಷಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸುಪ್ರಿತಾಳಿಗೆ ತಲೆ ಎತ್ತಲಾಗಲಿಲ್ಲ. "ಮೂರು ಜನ. ಮತ್ತೆ ಇಬ್ಬರಿಗೆ ಕಣ್ಣು."

"ಕಣ್ಣಿನದ್ದು ರೆಪ್ಪೆ ಮುಟ್ಟಿದಾಗಲೇ ಗೊತ್ತಾಯ್ತು. ಸೊಸೆ ಹೆದರಿ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ." ಸೀತು ಚೆಂಬಿನಲ್ಲಿ ನೀರು ತುಂಬಿದರು. ಎತ್ತಿದ ಕೈ ಅರ್ಧದಲ್ಲೇ ನಿಂತಿತು. "ಹೊಲಿದ ಜಾಗಕ್ಕೆ ನೀನೇ ಹೊಯ್ಯಿ ಮಗಾ. ನನಗೆ ಆಗುದಿಲ್ಲ."

ಸುಪ್ರಿತಾ ಕುತ್ತಿಗೆಯಿಂದ ಹೊಟ್ಟೆಯವರೆಗೆ ನಿಧಾನಕ್ಕೆ ಹೊಯ್ದಳು. ನೀರು ಹಲಗೆಯಿಂದ ಇಳಿದು ಮಣ್ಣು ಸೇರುವವರೆಗೆ ಸೀತು ಅದನ್ನೇ ನೋಡಿದರು. ಅದು ಬರೀ ನೀರಾಗಿತ್ತು.

ಆಮೇಲೆ ಕೈ ಚಾಚಿದರು. "ಕೊಡು, ಇನ್ನು ನಾನು ಹೊಯ್ತೇನೆ."