ಕಿಟಕಿಯಲ್ಲಿ ಬಂದ ಕೂಸು

ನನ್ನ ಹೆಸರು ಅಂಬಪ್ಪ, ಊರು ಸಂತೆಕಲ್ಲೂರು. ವಯಸ್ಸು ಅರವತ್ತು ದಾಟಿದೆ, ಸಿಟ್ಟಿಗೆ ಮಾತ್ರ ಇನ್ನೂ ಇಪ್ಪತ್ತು ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅವಳ ಮಾತು ಸುಳ್ಳಲ್ಲ.

ಆ ದಿನ ಕಣ್ಣು ತೋರಿಸಲು ಸಿಂಧನೂರಿಗೆ ಹೋಗಿದ್ದೆ. ಡಾಕ್ಟರು ಎರಡೂ ಕಣ್ಣಿಗೆ ಔಷಧಿ ಹಾಕಿ ಪರೀಕ್ಷೆ ಮಾಡಿದರು. ಸಂಜೆಯವರೆಗೆ ಮಂಜುಮಂಜಾಗಿ ಕಾಣುತ್ತದೆ, ಒಬ್ಬರೇ ಯಾಕೆ ಬಂದಿರಿ ಎಂದು ಬೈದೂ ಕಳಿಸಿದರು. ಬಿಸಿಲಿಗೆ ಬಂದರೆ ಕಣ್ಣು ಬಿಡಲಾಗದು. ಬಿಟ್ಟರೂ ಜನರೆಲ್ಲ ನೀರೊಳಗೆ ನಿಂತವರ ಹಾಗೆ ಕಾಣುತ್ತಿದ್ದರು. ಮಗಳ ಹೆರಿಗೆ ಸುಸೂತ್ರ ಆಗಲಿ ಎಂದು ಹರಕೆ ಹೊತ್ತು ಬಿಟ್ಟ ಗಡ್ಡ ಬೇರೆ ಎದೆಗೆ ಇಳಿದಿತ್ತು. ಕೆಂಪು ಕಣ್ಣು, ಕೆದರಿದ ಗಡ್ಡ. ನನ್ನನ್ನು ನೋಡಿದರೆ ನನಗೇ ಹೆದರಿಕೆ ಆಗಬೇಕು, ಹಾಗಿದ್ದೆ.

ಮಸ್ಕಿ ಮೇಲೆ ಲಿಂಗಸುಗೂರಿಗೆ ಹೋಗುವ ಬಸ್ಸು ಬರುತ್ತಲೇ ಜನ ಮುಗಿಬಿದ್ದರು. ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ ಆದಮೇಲೆ ಮನೆ ಕಾಯಲು ಯಾರೂ ಉಳಿದಿಲ್ಲವೇನೋ ಎಂದು ಗೊಣಗುತ್ತಾ ನಾನೂ ಮೊಣಕೈ ಬಳಸಿ ನುಗ್ಗಿ ಕಿಟಕಿ ಪಕ್ಕದ ಸೀಟು ಹಿಡಿದೆ.

ನಮ್ಮ ಕಡೆ ಒಂದು ರೂಢಿ ಇದೆ. ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುತ್ತಾರೆ. ಕೂಸು ಇದ್ದವರು ಕೂಸನ್ನೇ ಕಿಟಕಿಯಿಂದ ಒಳಗೆ ಕೊಟ್ಟುಬಿಡುತ್ತಾರೆ. ಬಾಗಿಲ ನೂಕಾಟದಲ್ಲಿ ಅದು ಜಜ್ಜಿ ಹೋಗಬಾರದಲ್ಲ. ಒಳಗೆ ಕೂತವರು ಯಾರೇ ಇರಲಿ ಹಿಡಿದುಕೊಳ್ಳುತ್ತಾರೆ, ತಾಯಿ ಹತ್ತಿ ಬಂದು ಇಸಕೊಳ್ಳುತ್ತಾಳೆ. ಹೀಗೆ ನಾನು ಹಿಡಿದ ಕೂಸುಗಳಿಗೆ ಲೆಕ್ಕವಿಲ್ಲ. ಅಂಗಿ ತೋಯಿಸಿಕೊಂಡದ್ದೂ ಇದೆ.

"ತಾತಾ, ಈ ಕೂಸು ಈಟು ಹಿಡೀರಿ, ಬಂದೆ," ಎಂದಿತು ಕಿಟಕಿಯಾಚೆಯ ದನಿ. ಬೆಳಕಿನಲ್ಲಿ ಒಂದು ಆಕಾರ ಕಂಡಿತು, ಅಷ್ಟೇ. ಕೈ ಚಾಚಿದೆ. ಬಟ್ಟೆ ಸುತ್ತಿದ ಕೂಸು ತೊಡೆಗೆ ಬಂತು, ಬೆಚ್ಚಗೆ ಮಲಗಿತ್ತು.

ಬಸ್ಸು ಹೊರಟಿತು. ಉಸಿರಾಡಲೂ ಜಾಗವಿರಲಿಲ್ಲ. "ಇದರವ್ವ ಹತ್ತ್ಯಾಳಿಲ್ಲೋ?" ಎಂದು ಕೇಳಿದೆ. "ಹಿಂದ ಸಿಕ್ಕೊಂಡಿರ್ತಾಳ ಬಿಡ್ರಿ, ಗದ್ದಲ ಕರಗಿದ ಮ್ಯಾಲ ಬರ್ತಾಳ," ಎಂದರು ಯಾರೋ. ಹೌದೆನ್ನಿಸಿತು. ಯಾವಾಗಲೂ ಹಾಗೇ ಆಗುವುದು.

ಕಾಲುವೆ ಬದಿಯ ಹೊಸ ಊರುಗಳಿಗೆ ನಮ್ಮ ಕಡೆ ಕ್ಯಾಂಪು ಎನ್ನುತ್ತಾರೆ. ಮೊದಲ ಕ್ಯಾಂಪಿನಲ್ಲಿ ಅರ್ಧ ಬಸ್ಸು ಇಳಿಯಿತು. ನಡುವಿನ ದಾರಿ ಖಾಲಿಯಾಯಿತು. ಯಾರೂ ಬರಲಿಲ್ಲ. ಕೂಸು ಎಚ್ಚರವಾಗಿ ಅಳಲು ಶುರುಮಾಡಿತು.

ಕಂಡಕ್ಟರ್ ಭೀಮೇಶ ಹಿಂದಕ್ಕೆ ತಿರುಗಿ ಕೂಗಿದ. "ಈ ಕೂಸಿನವ್ವ ಯಾರವ್ವ? ಮುಂದ ಬರ್ರಿ." ಇನ್ನೊಮ್ಮೆ ಕೂಗಿದ. ಯಾರೂ ಏಳಲಿಲ್ಲ. ತಾಯಿ ಸಿಂಧನೂರಿನಲ್ಲೇ ಉಳಿದಿದ್ದಳು.

ನನ್ನ ಹಿಂದಿನ ಸೀಟಿನಿಂದ ಒಬ್ಬ ಎದ್ದು ಬಂದ. ಆಮೇಲೆ ತಿಳಿದ ಹೆಸರು ಕನಕರಾಜ. ಕೈಯಲ್ಲಿ ಫೋನು ಹಿಡಿದು ನನ್ನ ಮುಖದ ಮುಂದೆ ತಂದ.

"ತಾತಾ, ಯಾರ್ದ್ರಿ ಕೂಸು?"

"ಗೊತ್ತಿಲ್ಲಪ. ಕಿಟಕ್ಯಾಗ ಕೊಟ್ಟಾಳ ಒಬ್ಬಾಕಿ."

"ಹೆಂಗಿದ್ಲು ಆಕಿ? ಸೀರಿ ಯಾವ ಬಣ್ಣದ್ದು?"

"ಕಣ್ಣಿಗಿ ಔಷಧ ಹಾಕ್ಯಾರ, ನನಗ ಕಂಡಿಲ್ಲ."

"ಹೋಗ್ಲಿ, ಕೂಸು ಗಂಡೋ ಹೆಣ್ಣೋ, ಅದಾದ್ರೂ ಹೇಳು." ಬಹುವಚನ ಅಷ್ಟರಲ್ಲೇ ಮಾಯವಾಗಿತ್ತು.

"ನಾ ಏನು ಬಿಚ್ಚಿ ನೋಡೀನೇನಲೇ?" ಎಂದೆ.

ನನ್ನ ಬಾಯಿಯೇ ನನ್ನ ಶತ್ರು. ಸಮಾಧಾನವಾಗಿ ಹೇಳಿದ್ದರೆ ಕೇಳುತ್ತಿದ್ದರೋ ಏನೋ. ಆ ತಿಂಗಳು ಎಲ್ಲರ ಫೋನಿನಲ್ಲೂ ಮಕ್ಕಳ ಕಳ್ಳರದೇ ಸುದ್ದಿ. ಎಲ್ಲೋ ಒಂದು ಕಡೆ ಕಂಬಳಿ ಮಾರುವವನನ್ನು ಕಂಬಕ್ಕೆ ಕಟ್ಟಿ ಹೊಡೆದ ವಿಡಿಯೋ ನನ್ನ ಅಳಿಯನೇ ತೋರಿಸಿದ್ದ. ಅವನು ಕಳ್ಳನಲ್ಲ ಎಂದು ಆಮೇಲೆ ಗೊತ್ತಾಯಿತಂತೆ. ಆಮೇಲೆ ಗೊತ್ತಾಗಿ ಏನು ಬಂತು? ಅವನ ಮುಖ ನೆನಪಾಗಿ ನನ್ನ ಕೈ ನಡುಗತೊಡಗಿತು. ಕೈ ನಡುಗುವುದನ್ನೂ ಕನಕರಾಜ ವಿಡಿಯೋ ಮಾಡಿಕೊಂಡ.

"ನೋಡ್ರಿ ನೋಡ್ರಿ, ಹೆಂಗ ನಡಗಾಕತ್ತಾನ," ಎಂದ. "ಇಳಿಸ್ರಿ ಇವನ್ನ. ಇಲ್ಲೇ ಕೇಳೋಣು."

"ಯಾರನ್ನೂ ಇಳಿಸಂಗಿಲ್ಲ," ಎಂದ ಭೀಮೇಶ. "ಮಸ್ಕಿ ಠಾಣೆಗಿ ಒಯ್ತೀನಿ. ಪೊಲೀಸರು ಕೇಳ್ತಾರ." ಸಿಂಧನೂರು ಬಸ್‌ಸ್ಟ್ಯಾಂಡಿಗೆ ಫೋನು ಹಚ್ಚಿ ಕಿವಿಗೆ ಒತ್ತಿಕೊಂಡಿದ್ದ. ರಿಂಗು ಆಗುತ್ತಿತ್ತು, ಎತ್ತುವವರಿಲ್ಲ.

ಹಿಂದಿನಿಂದ ಮೂರು ನಾಲ್ಕು ಜನ ಎದ್ದು ಬರುವ ಸಪ್ಪಳ ಕೇಳಿತು. ಅಷ್ಟರಲ್ಲಿ ಒಬ್ಬ ಹೆಣ್ಣುಮಗಳು ನನ್ನ ಪಕ್ಕದವನನ್ನು ಎಬ್ಬಿಸಿ ಆ ಸೀಟಿನಲ್ಲಿ ಕೂತಳು. ಮೈಯಿಂದ ಗದ್ದೆಯ ಕೆಸರಿನ ವಾಸನೆ ಬರುತ್ತಿತ್ತು. ನಾಟಿ ಕೂಲಿಗೆ ಹೋಗಿ ಬರುವವಳು.

"ಹಸದೈತಿ ಅದು. ಇತ್ತಾಗ ಕೊಡ್ರಿ," ಎಂದಳು. ಕೂಸನ್ನು ಸೆರಗಿನೊಳಗೆ ತೆಗೆದುಕೊಂಡಳು. ಅಳು ನಿಂತಿತು.

ಬಂದವರಲ್ಲಿ ಒಬ್ಬ ನನ್ನ ಭುಜಕ್ಕೆ ಕೈ ಹಾಕಲು ಬಾಗಿದ.

"ನನ್ನ ಮ್ಯಾಲಿಂದ ಕೈ ಹಾಕಿ ಎಳೀತಿಯೇನಣ್ಣ?" ಎಂದಳು ಆಕೆ. ದನಿ ಏರಿಸಲೂ ಇಲ್ಲ. "ಕೂಸು ಹಾಲು ಕುಡಿಯಾಕತ್ತೈತಿ. ಅದು ಬಿಡೋತನ ಅತ್ತಾಗ ನಿಲ್ರಿ."

ಆ ಕೈ ಹಿಂದೆ ಸರಿಯಿತು. ಎಷ್ಟೇ ಕಡುಕೋಪ ಇರಲಿ, ಹಾಲೂಡುವವಳ ಮೈಮೇಲಿಂದ ಕೈ ಚಾಚುವ ಗಂಡಸು ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ನಾನು ಕಿಟಕಿಯ ಕಡೆ, ದಾರಿಯ ಕಡೆ ಅವಳು. ಅವಳನ್ನು ದಾಟದೆ ನನ್ನನ್ನು ಮುಟ್ಟುವಂತಿರಲಿಲ್ಲ. ಆದರೆ ಕೂಸಿನ ಹೊಟ್ಟೆ ಎಷ್ಟು ದೊಡ್ಡದು? ತುಂಬಿದ ಕೂಡಲೇ ನನ್ನ ಗತಿ ಏನು?

ಅವಳು ನನ್ನ ಕಡೆ ಬಾಗಿ ಪಿಸುಗುಟ್ಟಿದಳು. "ತಾತಾ, ಖರೇ ಹೇಳ್ರಿ. ಕದ್ದೀರೇನು?"

"ಇಲ್ಲವ್ವ. ನನ್ನ ಮಗಳಾಣಿ."

ನಂಬಿದಳೋ ಇಲ್ಲವೋ, ಮುಖ ನನಗೆ ಕಾಣಿಸಲಿಲ್ಲ. ಮುಂದಿನ ಕ್ಯಾಂಪು ಬಂತು. ಅವಳ ಜೊತೆ ಕೂಲಿಗೆ ಬಂದ ಹೆಂಗಸರು ಬುತ್ತಿ ಎತ್ತಿಕೊಂಡು ಎದ್ದರು.

"ಪಂಪಮ್ಮ, ಇಳಿಬೇ. ಊರು ಬಂತು."

"ನೀವು ಹೋಗ್ರಿ," ಎಂದಳು. "ಇನ್ನಾ ಕುಡಿಯಾಕತ್ತೈತಿ."

"ಮನ್ಯಾಗ ನಿನ್ನ ಕೂಸು ಕಾಯಾಕತ್ತಿರ್ತೈತಿ, ಅದಕ್ಕೇನು ಮಾಡ್ತೀದಿ?"

"ಅತ್ತಿಗಿ ಹೇಳ್ರಿ, ಈಟು ಗಂಜಿ ಕುಡಸ್ಲಿ."

ಅವರು ಇಳಿದರು, ಬಸ್ಸು ಹೊರಟಿತು. ನಿಂತವರು ನಿಂತೇ ಇದ್ದರು. ಸ್ವಲ್ಪ ದೂರ ಹೋದ ಮೇಲೆ ಪಂಪಮ್ಮ ಸೆರಗು ಸರಿಪಡಿಸುವ ನೆಪದಲ್ಲಿ ಮತ್ತೆ ಬಾಗಿದಳು.

"ಕೂಸು ಮಲಗಿ ಭಾಳ ಹೊತ್ತಾತು," ಎಂದಳು. "ನೀವು ಸುಮ್ನ ಕುಂದರ್ರಿ."

ಅವಳು ಸೆರಗು ತೆಗೆಯಲಿಲ್ಲ. ಮಸ್ಕಿ ಬರುವವರೆಗೂ ಹಾಗೇ ಕೂತಳು, ನಡುನಡುವೆ ತೊಡೆ ಅಲುಗಿಸುತ್ತಾ. ನನಗೆ ಅವಳ ಕಾಲಿಗೆ ಬೀಳಬೇಕೆನ್ನಿಸಿತು. ಅಲುಗಾಡಿದರೆ ಎಲ್ಲ ಹಾಳಾದೀತೆಂದು ಕಲ್ಲಾಗಿ ಕೂತೆ.

ಬಸ್ಸಿಗಿಂತ ಮೊದಲೇ ಕನಕರಾಜನ ವಿಡಿಯೋ ಮಸ್ಕಿ ಮುಟ್ಟಿತ್ತು. ಠಾಣೆಯ ಕಡೆ ತಿರುಗುವ ಮೊದಲೇ ಜನ ರಸ್ತೆಗೆ ಅಡ್ಡ ನಿಂತಿದ್ದರು. ಡ್ರೈವರ್ ಬ್ರೇಕ್ ಹಾಕಿದ. "ಕಳ್ಳ ಎಲ್ಲಿ?" ಎಂಬ ಕೂಗು ಸುತ್ತಲಿಂದ ಬಂತು. ಕಿಟಕಿಯಲ್ಲಿ ಕೈಗಳು ಬಂದವು. ಒಂದು ಕೈಗೆ ನನ್ನ ಗಡ್ಡ ಸಿಕ್ಕಿತು. ತಲೆ ಕಿಟಕಿಯ ಚೌಕಟ್ಟಿಗೆ ಬಡಿದು ಹಣೆಯಿಂದ ಬಿಸಿಯಾಗಿ ಏನೋ ಇಳಿಯಿತು.

ಪಂಪಮ್ಮ ಕೂಸನ್ನು ನನ್ನ ಎದೆಗೆ ಒತ್ತಿದಳು. "ಹಿಡ್ಕೋರಿ ತಾತಾ. ಕೂಸು ಇದ್ರ ಹೊಡಿಯಂಗಿಲ್ಲ."

ಒಂದು ಕ್ಷಣ ಹಿಡಿದುಕೊಂಡೆ. ಬದುಕುವ ಆಸೆ ಯಾರಿಗಿಲ್ಲ? ಕೂಸು ನಿದ್ದೆಯಲ್ಲೇ ಬಾಯಿ ಚಪ್ಪರಿಸಿತು. ನನ್ನ ಮಗಳದೂ ನಾಳೆ ನಾಡಿದ್ದು ಇಷ್ಟೇ ಇರುತ್ತದೆ ಎಂದು ಅನ್ನಿಸಿತು.

"ಬ್ಯಾಡವ್ವ," ಎಂದೆ. "ನನಗ ಬೀಳೋ ಏಟು ಜಾರಿ ಇದಕ್ಕ ಬಿದ್ರ?" ಕೂಸನ್ನು ಅವಳಿಗೆ ವಾಪಸು ಕೊಟ್ಟು ಎದ್ದೆ. ಸೀಟು ತಡವುತ್ತಾ ಬಾಗಿಲಿಗೆ ಬಂದೆ. ಭೀಮೇಶ ಮೆಟ್ಟಿಲಲ್ಲಿ ಎರಡೂ ಕೈ ಅಗಲಿಸಿ ನಿಂತಿದ್ದ. ಅವನನ್ನು ಪಕ್ಕಕ್ಕೆ ಎಳೆದರು. ನನ್ನ ಕಾಲರ್ ಯಾರದೋ ಮುಷ್ಟಿಗೆ ಸಿಕ್ಕಿತು. ಬೆನ್ನಿಗೆ ಒಂದು ಗುದ್ದು ಬಿತ್ತು, ಕಿವಿಯ ಮೇಲೆ ಇನ್ನೊಂದು.

ಆಗ ಮೋಟಾರ್‌ಸೈಕಲ್ಲಿನ ಹಾರ್ನ್ ಬಿಡದೆ ಕೇಳತೊಡಗಿತು. ಒಬ್ಬ ಗಂಡಸು ಜನರನ್ನು ಸೀಳಿಕೊಂಡು ಬಂದ. ಗೊಬ್ಬರ ಕೊಳ್ಳಲು ಸಿಂಧನೂರಿಗೆ ಬಂದಿದ್ದ ರೈತ, ಲಾಲಪ್ಪ ಅಂತೆ. "ಸರೀರಿ, ಕೂಸಿನವ್ವ ಬಂದಾಳ," ಎಂದು ಗಂಟಲು ಹರಿಯುವಂತೆ ಕೂಗಿದ. "ತಪ್ಪಿ ರಾಯಚೂರು ಬಸ್ಸಿನ ಬೆನ್ನ ಹತ್ತಿ ಹೋಗಿ ವಾಪಸ್ ಬಂದೀವಿ." ಗಾಡಿಯಲ್ಲಿ ಅವನ ಹಿಂದೆ ಕೂತಿದ್ದ ಹೆಣ್ಣುಮಗಳು ಅವನಿಗೆ ಗುರುತಿನವಳಲ್ಲ. ರಸ್ತೆಯಲ್ಲಿ ಅಳುತ್ತಾ ಓಡುತ್ತಿದ್ದವಳನ್ನು ಕೂರಿಸಿಕೊಂಡು ಬಂದಿದ್ದ.

ಅವಳು ಹಾರಿ ಇಳಿದು ಬಂದಳು. ಪಂಪಮ್ಮ ಮೆಟ್ಟಿಲಿಂದ ಕೂಸನ್ನು ಅವಳ ಕೈಗಿಟ್ಟಳು. ಅವಳು ಬಟ್ಟೆ ಸರಿಸಿ ಕೂಸಿನ ಮುಖ, ಕೈ, ಕಾಲು ಎಲ್ಲ ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ಅದನ್ನು ಎದೆಗವಚಿಕೊಂಡು ನೆಲಕ್ಕೆ ಕೂತುಬಿಟ್ಟಳು.

"ನಿನ್ನ ಹೆಸರೇನವ್ವ?" ಎಂದು ಕನಕರಾಜ ಕೇಳಿದ. ಫೋನು ಇನ್ನೂ ಎತ್ತಿ ಹಿಡಿದೇ ಇದ್ದ.

"ಭಾಗ್ಯ. ಪಾಮನಕಲ್ಲೂರು."

"ಕೂಸು ಕಸಗೊಂಡು ಹೋದಾವ ಇವನಾ? ಸರಿಯಾಗಿ ನೋಡು."

ನನ್ನ ಕಾಲರ್ ಹಿಡಿದವನು ನನ್ನನ್ನು ಅವಳ ಮುಂದೆ ತಳ್ಳಿದ. ಅವಳು ತಲೆ ಎತ್ತಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಗೊತ್ತಿಲ್ರಿ," ಎಂದಳು. "ನಾ ಮುಖ ನೋಡಿಲ್ಲ."

ಗುಂಪು ಗುರ್ ಎಂದಿತು. ಕಾಲರ್ ಬಿಗಿಯಾಗಿ ನನಗೆ ಉಸಿರು ಸಿಗದಾಯಿತು. ಮುಗಿಯಿತು ಅಂಬಪ್ಪ ನಿನ್ನ ಕಥೆ ಎಂದುಕೊಂಡೆ.

ಭಾಗ್ಯ ಎದ್ದು ನಿಂತಳು. ಅಳು ಇನ್ನೂ ನಿಂತಿರಲಿಲ್ಲ, ಆದರೂ ಮಾತು ಎಲ್ಲರಿಗೂ ಕೇಳಿಸಿತು.

"ಅವರನ್ನ ಬಿಡ್ರಿ. ಯಾರೂ ಕಸಗೊಂಡಿಲ್ಲ, ನಾನಾ ಕೊಟ್ಟೀನಿ. ಬಾಗಿಲಾಗ ನೂಕಿದ್ರು, ಬಿದ್ದೆ, ಎದ್ದು ನೋಡಾದ್ರಾಗ ಎರಡು ಬಸ್ಸು ಹೊಂಟಿದ್ವು, ಯಾವುದು ಅಂತ ತಿಳೀಲಿಲ್ಲ. ಮುಖ ನೋಡಿ ಯಾರು ಕೂಸು ಕೊಡ್ತಾರ್ರಿ? ಕೈ ಚಾಚಿದ್ರು, ಕೊಟ್ಟೆ."

ಕಾಲರ್ ಹಿಡಿದ ಕೈ ಸಡಿಲವಾಯಿತು. ಆ ಕೈ ಯಾರದೆಂದು ನನಗೆ ಕೊನೆಗೂ ಗೊತ್ತಾಗಲಿಲ್ಲ, ಬೇಕಾಗಿಯೂ ಇರಲಿಲ್ಲ. ನಾನು ಬಸ್ಸಿನ ಮೆಟ್ಟಿಲ ಮೇಲೆ ಕುಸಿದು ಕೂತು ಅಷ್ಟು ಜನರೆದುರು ಗೊಳೋ ಎಂದು ಅತ್ತೆ. ಅಳು ತಡೆದು ಪಂಪಮ್ಮ ಎಲ್ಲಿ ಎಂದು ಕೇಳಿದಾಗ ಭೀಮೇಶ ರಸ್ತೆಯ ಆಚೆ ಕೈ ತೋರಿಸಿದ. ಅವಳು ತನ್ನ ಕೂಸಿಗೆ ಹಾಲು ಕುಡಿಸುವ ಹೊತ್ತಾಯಿತೆಂದು ವಾಪಸ್ ಹೋಗುವ ಆಟೋ ಹಿಡಿದು ಆಗಲೇ ಹೊರಟಿದ್ದಳು.