ಮುಂದಿನ ಗುಂಪಿನಲ್ಲಿ ಎಷ್ಟು ಜನ

ನಮ್ಮಪ್ಪ ಚಿಕ್ಕಯ್ಯ ತನ್ನ ಕುರಿಗಳನ್ನು ಒಂದು ದಿನವೂ ಎಣಿಸಿದವನಲ್ಲ. ಎಣಿಸಿದರೆ ಕಮ್ಮಿಯಾಗುತ್ತವೆ ಎಂಬುದು ಗುಡೇಮಾರನಹಳ್ಳಿಯಲ್ಲಿ ಕುರಿ ಸಾಕುವ ನಮ್ಮ ಮನೆಗಳ ನಂಬಿಕೆ. ಸಂಜೆ ಮಂದೆ ರೊಪ್ಪಕ್ಕೆ ಬರುವಾಗ ಬಾಗಿಲಲ್ಲಿ ನಿಂತು ಒಂದೊಂದರ ಮುಖ ನೋಡುತ್ತಿದ್ದ. ಕೊನೆಗೆ ಕುಂಟಿ ಬಂದಿಲ್ಲ ಎಂದೋ ಚುಕ್ಕಿ ಬಂದಿಲ್ಲ ಎಂದೋ ಗೊಣಗಿ ಕೋಲು ಹಿಡಿದು ಮತ್ತೆ ಹೊರಡುತ್ತಿದ್ದ. ನನಗೂ ಅದೇ ಕಣ್ಣು ಬಂತು. ಲೆಕ್ಕದ ಮೇಷ್ಟ್ರು ನನ್ನನ್ನು ಕುರಿ ಕಾಯೋಕೇ ಲಾಯಕ್ಕು ಎಂದು ಬೈದಾಗ ಅದನ್ನು ಹೊಗಳಿಕೆ ಎಂದುಕೊಂಡು ಮನೆಯಲ್ಲಿ ಹೇಳಿದ್ದೆ. ಅಪ್ಪನೂ ಹಾಗೇ ತಿಳಿದು ಹಿಗ್ಗಿದ್ದ.

ಅಂಥವಳು ೨೦೦೮ರ ಫೆಬ್ರವರಿಯಲ್ಲಿ ಬೀಜಿಂಗಿಗೆ ಹೋದೆ. ಬೆಂಗಳೂರಿನಲ್ಲಿ ಪತ್ರಿಕೋದ್ಯಮ ಓದುತ್ತಿದ್ದ ನಮ್ಮಲ್ಲಿ ಒಬ್ಬರನ್ನು, ಒಲಿಂಪಿಕ್ಸ್ ಪ್ರಸಾರ ಮಾಡುವ ವಿದೇಶಿ ಟಿವಿ ಸಂಸ್ಥೆಯೊಂದು ಇಂಟರ್ನ್ ಆಗಿ ಕರೆಸಿಕೊಳ್ಳುತ್ತಿತ್ತು. ಆಯ್ಕೆಯ ದಿನ ಓಟದ ವಿಡಿಯೋ ಒಂದನ್ನು ಎರಡು ಸಲ ತೋರಿಸಿದರು. ಎರಡನೆಯ ಸಲ ಎದೆಯ ಮೇಲಿನ ನಂಬರುಗಳನ್ನು ಮಸುಕು ಮಾಡಿ, ಯಾರು ಯಾರೆಂದು ಕೇಳಿದರು. ನಾನು ಓಡುವ ಧಾಟಿ ನೋಡಿಯೇ ಎಲ್ಲರನ್ನೂ ಹೇಳಿಬಿಟ್ಟೆ. ಇದೂ ಒಂದು ವಿದ್ಯೆಯೇ ಎಂದು ನನಗೇ ನಗು ಬಂತು.

ಬೀಜಿಂಗಿನಲ್ಲಿ ನನ್ನ ಕೆಲಸ ಮಹಿಳೆಯರ ಮ್ಯಾರಥಾನಿನದು. ಓಟಗಾರ್ತಿಯರ ಮುಂದೆ ಸಾಗುವ ವ್ಯಾನಿನಲ್ಲಿ ಕುಳಿತು, ಯಾರು ಮುಂದಿದ್ದಾರೆ, ಎಷ್ಟು ಜನ ಇದ್ದಾರೆ ಎಂದು ಕಿವಿಯ ಮೈಕಿನಲ್ಲಿ ಹೇಳಬೇಕು. ಅದು ಪರದೆಯ ಕೆಳಗೆ ಅಕ್ಷರವಾಗಿ ಬರುತ್ತದೆ. ವ್ಯಾನಿನಲ್ಲಿ ಇದ್ದ ಜಾಗ ಒಂದು, ಇಂಟರ್ನ್‌ಗಳು ಇಬ್ಬರು. ಏಪ್ರಿಲ್‌ನ ಪೂರ್ವಾಭ್ಯಾಸದ ಓಟದಲ್ಲಿ ತೀರ್ಮಾನ ಎಂದರು. ನನಗೆ ಆ ಜಾಗ ಬೇಕೇ ಬೇಕಿತ್ತು. ಅಪ್ಪ ಆಗಲೇ ಮಾಗಡಿ ಬಸ್‌ಸ್ಟ್ಯಾಂಡಿನವರೆಗೂ ಸಾರಿಬಿಟ್ಟಿದ್ದ, ಮಗಳು ಹೇಳಿದ್ದನ್ನೇ ಪ್ರಪಂಚವೆಲ್ಲ ಟಿವಿಯಲ್ಲಿ ಓದುತ್ತದೆ ಎಂದು.

ಆ ಬೆಳಿಗ್ಗೆ ಊರಿಗೆ ಊರೇ ಹೊಗೆಯಂಥ ಮಂಜಿನಲ್ಲಿ ಮುಳುಗಿತ್ತು. ಅಗಲವಾದ ಖಾಲಿ ರಸ್ತೆ. ನಮ್ಮ ವ್ಯಾನು ಸದ್ದಿಲ್ಲದೆ ತೇಲುತ್ತಿತ್ತು. ಮಂಜಿನೊಳಗಿಂದ ಮೊದಲು ಹೆಜ್ಜೆಗಳ ಸದ್ದು, ಆಮೇಲೆ ಮೊಣಕಾಲುಗಳು, ಆಮೇಲೆ ಮುಖಗಳು. ಎಷ್ಟೋ ಹೊತ್ತು ಹಾಗೇ ನೋಡಿದೆ. ನಾನಿರುವುದು ಚೀನಾದಲ್ಲೋ ನಮ್ಮೂರ ಬಯಲಿನಲ್ಲೋ ಮರೆತೇ ಹೋಯಿತು. ತೆಂಗಿನ ತೋಪು ದಾಟಿ ಮನೆಯ ಕಡೆಗೆ ಬರುತ್ತಿರುವ ಜೀವಗಳಂತೆ ಅವರು ಬರುತ್ತಿದ್ದರು. ಹೊಟ್ಟೆಯೊಳಗೆ ತಣ್ಣಗೆ ಸುಖವಾಗುತ್ತಿತ್ತು.

ಕಿವಿಯಲ್ಲಿ ನಿರ್ದೇಶಕನ ದನಿ ಬಂತು: ಮುಂದಿನ ಗುಂಪಿನಲ್ಲಿ ಎಷ್ಟು ಜನ? ಎಡಗೈ ಹೆಚ್ಚು ಬೀಸುವ ಹುಡುಗಿ ಕಾಣುತ್ತಿಲ್ಲ ಎಂದೆ. ಕೇಳಿದ್ದು ಸಂಖ್ಯೆ ಎಂದ. ಎಣಿಸಲು ಹೊರಟೆ. ಒಂದು, ಎರಡು ಎನ್ನುವಷ್ಟರಲ್ಲಿ ನಾಲಿಗೆ ನಿಂತುಬಿಟ್ಟಿತು. ಇಷ್ಟು ಓದಿದವಳು ಹೇಳಿಕೊಳ್ಳಲು ನಾಚಬೇಕು, ಆದರೂ ನಿಜ: ನಾನು ಎಣಿಸಿದರೆ ಇನ್ನೊಬ್ಬಳು ಬಿದ್ದುಹೋಗುತ್ತಾಳೆ ಎಂದು ಭಯವಾಯಿತು. ಅವನು ಮೂರು ಸಲ ಕೇಳಿದ. ನಾನು ಮೂರು ಸಲವೂ ಆ ಹುಡುಗಿಯನ್ನೇ ಹುಡುಕಿ ಎಂದೆ. ಪರದೆಯ ಮೇಲೆ ಓಟದ ಶುರುವಿನಲ್ಲಿ ಬೇರೆಯವರು ಹಾಕಿದ್ದ ಸಂಖ್ಯೆಯೇ ಸುಳ್ಳಾಗಿ ಉಳಿಯಿತು.

ಹುಡುಗಿ ಎರಡು ಕಿಲೋಮೀಟರ್ ಹಿಂದೆ ನೀರಿನ ಮೇಜಿನ ಪಕ್ಕ ಕಾಲು ಹಿಡಿದು ಕೂತಿದ್ದಳಂತೆ. ನಮ್ಮ ತಂಡದ ಹಿರಿಯ ಹೆಂಗಸು ನನ್ನನ್ನು ಬೈಯಲಿಲ್ಲ. ನಿನ್ನ ಕಣ್ಣು ಚೆನ್ನಾಗಿದೆ, ನಮಗೆ ಬೇಕಿರುವುದು ಸಂಖ್ಯೆ ಎಂದಳು. ವ್ಯಾನಿನ ಜಾಗ ಇನ್ನೊಬ್ಬನ ಪಾಲಾಯಿತು. ನನ್ನನ್ನು ನೆಲಮಾಳಿಗೆಯ ಟೇಪ್ ಕೋಣೆಗೆ ಹಾಕಿದರು. ಮುಕ್ತಾಯದ ಗೆರೆಯ ಕ್ಯಾಮೆರಾ ನೋಡುತ್ತ, ಯಾವ ಟೇಪಿನಲ್ಲಿ ಏನಿದೆ ಎಂದು ಬರೆದಿಡುವ ಕೆಲಸ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಇದಕ್ಕೇ.

ಅಪ್ಪನಿಗೆ ಹೇಳಲಿಲ್ಲ. ಪ್ರತಿ ಭಾನುವಾರ ಫೋನಿನಲ್ಲಿ ವ್ಯಾನಿನ ಕಥೆ ಕಟ್ಟಿದೆ. ಅವನು ಕುರಿಗಳ ಕ್ಷೇಮ ಹೇಳಿದ. ಓಟದ ದಿನ ಹಾರೋಹಳ್ಳಿಗೆ ಹೋಗಿ, ಅಲ್ಲಿ ಫ್ಯಾಕ್ಟರಿ ಕೆಲಸದಲ್ಲಿದ್ದ ನನ್ನ ಅಣ್ಣ ತಿಮ್ಮೇಶನ ರೂಮಿನಲ್ಲಿ ಟಿವಿ ನೋಡುತ್ತೇನೆ ಎಂದ.

ಆಗಸ್ಟಿನ ಓಟದ ಬೆಳಿಗ್ಗೆ ಕೋಣೆಯಲ್ಲಿ ಒಬ್ಬಳೇ ಕೂತು, ಗೆರೆಯ ಪರದೆಯ ಪಕ್ಕದ ಟಿವಿಯಲ್ಲಿ ಓಟ ನೋಡುತ್ತಿದ್ದೆ. ಓಟ ಅರ್ಧ ದಾಟಿದಾಗ ಅಪ್ಪನ ಮಿಸ್ಡ್ ಕಾಲ್ ಬಂತು. ತಿರುಗಿ ಮಾಡಿದೆ.

“ಪುಟ್ಟಿ, ಆ ನೀಲಿ ಚಡ್ಡಿ ಕುಳ್ಳಿ ಎಲ್ಲವ್ವ? ಸೇತುವೆ ತಾವ ಇದ್ಲು, ಈಗ ಕಾಣಾಕಿಲ್ಲ. ನೀನು ಗಾಡೀಲಿದ್ದೀಯಲ್ಲ, ಒಸಿ ಹಿಂದಕ್ಕೆ ನೋಡ್ರಿ ಅನ್ನವ್ವ ಅವರ್ಗೆ.”

ಅವಳು ಇಲ್ಲವೆಂದು ನನಗೂ ಆಗಲೇ ಗೊತ್ತಾಗಿತ್ತು. ಹೇಳಲು ಮೈಕು ಇರಲಿಲ್ಲ, ಅಷ್ಟೆ. 

“ನಾನು ಗಾಡೀಲಿಲ್ಲ ಕಣಪ್ಪ. ಅವಾಗ್ಲೇ ತೆಗೆದ್ಬುಟ್ರು. ಎಣ್ಸು ಅಂದ್ರು, ಎಣ್ಸಾಕೆ ಆಗ್ನಿಲ್ಲ.”

 ಅಪ್ಪನ ಹಿಂದೆ ಯಾರೋ “ಚಿಕ್ಕಯ್ಯ, ಗೇಟು ತೆಗೆಯಯ್ಯ” ಎಂದು ಕೂಗಿದರು. ಯಾವ ಗೇಟು ಎಂದು ಕೇಳಿದೆ.

“ತಿಮ್ಮೇಶನ ಫ್ಯಾಕ್ಟ್ರಿ ಗೇಟು ಕಣವ್ವ, ಟಿವೀನೂ ಈ ಗೇಟಿನ ರೂಮಲ್ಲೇ ಐತೆ. ಮೇವಿನ ಬಯಲಿಗೆಲ್ಲ ಬೇಲಿ ಬಿತ್ತು. ಯುಗಾದಿ ಆದ್ಮೇಲೆ ಕುರಿ ಎಲ್ಲಾ ಕೊಟ್ಬುಟ್ಟೆ. ಈಗ ಇಲ್ಲಿ ಕುಂತು ಬರೋ ಲಾರಿ ಹೋಗೋ ಲಾರಿ ಎಣ್ಸಿ ಬರೀತೀನಿ.”

ನನಗೆ ಸಿಟ್ಟೂ ಬಂತು, ಅಳುವೂ ಬಂತು. ನಾಲ್ಕು ತಿಂಗಳು ನಾನು ಒಂದೊಂದು ಕುರಿಯ ಹೆಸರು ಹಿಡಿದು ಕೇಳಿದ್ದೆ. ಕುಂಟಿ ಮೇಯುತ್ತಾಳೆ, ಚುಕ್ಕಿ ಮರಿ ಹಾಕಿದಳು ಎಂದು ಅವನು ಒಂದನ್ನೂ ಬಿಡದೆ ಹೇಳಿದ್ದ. ಸುಳ್ಳು ಹೇಳುವುದರಲ್ಲೂ ನಾನು ಅವನ ಮಗಳೇ.

 ಇಬ್ಬರೂ ಫೋನ್ ಇಡಲಿಲ್ಲ. ಗೆದ್ದವರು ಬಂದರು, ಬಾವುಟ ಹೊದ್ದು ನಿಂತರು. ಅಪ್ಪನ ಟಿವಿಯಲ್ಲಿ ಬೇರೆ ಆಟ ಶುರುವಾಯಿತು. ನನ್ನ ಪರದೆಯಲ್ಲಿ ಮಾತ್ರ ಗೆರೆ ಹಾಗೇ ಇತ್ತು. ಅಲ್ಲಿಂದಾಚೆಗೆ ಅವನಿಗೆ ನಾನೇ ಕಣ್ಣು. ಸೊಂಟ ಹಿಡಿದುಕೊಂಡವಳು ಬಂದಳು ಎಂದೆ. ಜಡೆ ಬಿಚ್ಚಿದವಳು ಬಂದಳು ಎಂದೆ. ಅಪ್ಪ ಒಬ್ಬೊಬ್ಬಳಿಗೂ ಹೂಂಗುಟ್ಟಿದ. ಆಮೇಲೆ ಬಹಳ ಹೊತ್ತು ಯಾರೂ ಬರಲಿಲ್ಲ, ನೀಲಿ ಚಡ್ಡಿಯ ಕುಳ್ಳಿಯೂ ಬಂದಿರಲಿಲ್ಲ. ಗೆರೆಯ ಪಕ್ಕದ ಕುರ್ಚಿಗಳನ್ನು ಎತ್ತಿಡತೊಡಗಿದರು.

ಅವನ ಕಡೆ ಲಾರಿಯೊಂದು ಬಿಡದೆ ಹಾರ್ನ್ ಹೊಡೆಯುತ್ತಿತ್ತು. ಹೋಗಪ್ಪ, ಬೈತಾರೆ ಎಂದೆ.

“ಬೈಕೊಳ್ಳಲಿ ಬುಡು,” ಎಂದ ಅಪ್ಪ. “ಇನ್ನೂ ಒಬ್ಳು ಬರ್ಬೇಕು ಕಣವ್ವ.”