ಅವಧಿ ಮೀರಿದ ದೂರು

ನನ್ನ ಅಕ್ಕ ಗಾಜಿನ ಕಣ್ಣು ಮಾಡುತ್ತಾಳೆ. ಒಂದು ಕಣ್ಣು ಕಳೆದುಕೊಂಡವರ ಇನ್ನೊಂದು ಕಣ್ಣನ್ನು ನೋಡಿ ನೋಡಿ, ಅದೇ ಬಣ್ಣ, ಅದೇ ಕೆಂಪು ನರ ಬರುವ ಹಾಗೆ ಬೆಂಕಿಯ ಮುಂದೆ ಕೂತು ಗಾಜು ಕಾಯಿಸುವ ಕೆಲಸ. ಮನೆಯಲ್ಲಿ ಎಲ್ಲರೂ ಅವಳನ್ನು ತಲೆಯ ಮೇಲೆ ಹೊತ್ತು ಮೆರೆಸುತ್ತಾರೆ. ನಾನು ವಿಮಾನ ಕಂಪನಿಯ ದೂರು ವಿಭಾಗದ ಗುಮಾಸ್ತೆ. ‘ಇವಳದು ಸೀಲು ಒತ್ತೋ ಕೆಲಸ’ ಎಂದು ನೆಂಟರ ಮುಂದೆ ಪರಿಚಯಿಸುತ್ತಾಳೆ ನಮ್ಮಕ್ಕ ಮಹಾತಾಯಿ. ಹದಿನಾಲ್ಕು ವರ್ಷದಿಂದ ಕೇಳಿ ಕೇಳಿ ಮೈ ಉರಿದುಹೋಗಿದೆ.

ಆ ಸೀಲು ಏನೆಂದು ಹೇಳಿಬಿಡುತ್ತೇನೆ. ದೇಶದೇಶಗಳು ಕೂಡಿ ಮಾಡಿಕೊಂಡ ನಿಯಮವಿದೆ. ವಿಮಾನದ ಹೊಟ್ಟೆಗೆ ಹಾಕಿದ ಸಾಮಾನು ಹಾಳಾಗಿದ್ದರೆ, ಕೈಗೆ ಬಂದ ಏಳು ದಿನದೊಳಗೆ ದೂರನ್ನು ಬರೆದು ಕೊಡಬೇಕು. ಬಾಯಲ್ಲಿ ಹೇಳಿದ್ದು, ಅತ್ತದ್ದು, ಕೂಗಾಡಿದ್ದು ಯಾವುದಕ್ಕೂ ಬೆಲೆಯಿಲ್ಲ. ಎಂಟನೆಯ ದಿನ ಬಂದವರ ಅರ್ಜಿಯ ಮೇಲೆ ‘ಅವಧಿ ಮೀರಿದೆ’ ಎಂದು ಒತ್ತುತ್ತೇನೆ. ಅಲ್ಲಿಗೆ ಮುಗಿಯಿತು.

ಅಕ್ಕ ಇಲ್ಲಿನ ರೋಗಿಗಳ ಫೋಟೊ ನೋಡಿ ಹೊರದೇಶದ ಕುಲುಮೆಯಲ್ಲಿ ಮಾಡಿದ ಹನ್ನೊಂದು ಕಣ್ಣುಗಳೊಂದಿಗೆ ನಮ್ಮದೇ ವಿಮಾನದಲ್ಲಿ ಬಂದಳು. ಮೇಲೆ ಜಾಗವಿಲ್ಲವೆಂದು ವಿಮಾನದ ಬಾಗಿಲಲ್ಲೇ ಕಣ್ಣಿನ ಪೆಟ್ಟಿಗೆ ಕಿತ್ತುಕೊಂಡು ಕೆಳಗಿನ ಸಾಮಾನಿನ ಜೊತೆ ಹಾಕಿದ್ದರು. ಮೂರನೆಯ ದಿನ ಇಲ್ಲಿನ ಆಸ್ಪತ್ರೆಯಲ್ಲಿ ತೆರೆದರೆ ಐದು ಕಣ್ಣು ಬಿರುಕು ಬಿಟ್ಟಿದ್ದವು. ಗಾಜು ಸರಿಯಾಗಿ ಹದಗೊಂಡಿಲ್ಲ, ಕೆಲಸವೇ ಕೆಟ್ಟದ್ದು ಎಂದುಬಿಟ್ಟರು ಡಾಕ್ಟರು. ಪೆಟ್ಟಾದದ್ದು ವಿಮಾನದಲ್ಲಿ ಎಂದು ಕಂಪನಿ ಬರೆದುಕೊಡದಿದ್ದರೆ ಇನ್ನು ಅವಳ ಕೈಯ ಕಣ್ಣು ಬೇಡವಂತೆ.

ಅವತ್ತೇ ಫೋನ್ ಮಾಡಿದಳು. “ಏಯ್, ನಿಮ್ಮವರೇ ಒಡೆದಿದ್ದು ಅಂತ ಒಂದು ಕಾಗದ ಕೊಡಿಸೇ. ಹೇಗೂ ಸೀಲು ನಿನ್ನ ಹತ್ರಾನೇ ಇರುತ್ತಲ್ಲ!” ಅಂದು ನಕ್ಕಳು.

“ನೋಡ್ತೀನಿ ಬಿಡಕ್ಕ,” ಅಂದೆ.

ಬರೆದು ಕೊಡು ಅನ್ನಲಿಲ್ಲ. ಮರೆತದ್ದಲ್ಲ. ಬೇಕೆಂದೇ ಅನ್ನಲಿಲ್ಲ. ಒಂದು ಸಲವಾದರೂ ನನ್ನ ಮುಂದೆ ಕೈಕಟ್ಟಿ ನಿಲ್ಲಲಿ ಎಂದುಕೊಂಡು ದಿನ ಎಣಿಸಿದೆ.

ಎಂಟನೆಯ ದಿನ ಬೆಳಿಗ್ಗೆ ನನ್ನ ಗಾಜಿನ ಕಿಟಕಿಯೆದುರು ಬಂದು ನಿಂತಳು.

“ಎಲ್ಲೇ ಕಾಗದ?”

“ಏಳು ದಿನದ ಒಳಗೆ ಬರೆದು ಕೊಡಬೇಕಿತ್ತು. ಈಗ ಆಗಲ್ಲ.”

“ಫೋನಲ್ಲೇ ಹೇಳೋಕೆ ನಿನಗೇನು ಬಾಯಿ ಬಿದ್ದುಹೋಗಿತ್ತಾ?”

“ನನ್ನದು ಸೀಲು ಒತ್ತೋ ಕೆಲಸ ಅಲ್ವಾ? ಹೇಳೋದೆಲ್ಲ ದೊಡ್ಡೋರು.”

ಅವಳ ಮುಖ ಬಿಳಿಚಿಕೊಂಡಿತು. ನನಗೆ ಹೊಟ್ಟೆ ತಣ್ಣಗಾಯಿತು, ಸುಳ್ಳೇಕೆ ಹೇಳಲಿ. ಆದರೆ ಅವಳು ಸುಮ್ಮನಿರುವವಳೇ! ಗೋಡೆಗೆ ಅಂಟಿಸಿದ್ದ ನಿಯಮಗಳನ್ನು ಬೆರಳಿಟ್ಟು ಸಾಲುಸಾಲಾಗಿ ಓದಿದಳು.

“ಇಲ್ಲಿ ನೋಡು. ಅವಧಿ ಮೀರಿದ್ರೆ ದಾವೆ ಇಲ್ಲ, ಕಂಪನಿ ಕಡೆಯಿಂದ ವಂಚನೆ ಆಗಿದ್ರೆ ಮಾತ್ರ ಉಂಟು. ನೀನು ಕಂಪನಿ ಕಡೆಯವಳೇ ತಾನೇ?”

ಅರ್ಜಿ ಎಳೆದುಕೊಂಡು ಬರೆದಳು. ‘ಮೂರನೆಯ ದಿನವೇ ಗುಮಾಸ್ತೆಗೆ ತಿಳಿಸಿದ್ದೆ, ಆಕೆ ಬೇಕೆಂದೇ ನಿಯಮ ಮುಚ್ಚಿಟ್ಟಳು.’ ಗಲಾಟೆ ಕೇಳಿ ಮ್ಯಾನೇಜರ್ ಹೊರಬಂದು, ಅರ್ಜಿ ಓದಿ, ನನ್ನ ಕಡೆ ತಿರುಗಿದರು.

“ಏನಮ್ಮ ಇದು? ಇವರು ಫೋನ್ ಮಾಡಿದ್ದು ನಿಜವಾ? ನಿಜ ಆದ್ರೆ ನಿಮ್ಮನ್ನ ಇವತ್ತೇ ಮನೆಗೆ ಕಳಿಸ್ಬೇಕಾಗುತ್ತೆ.”

ಅಕ್ಕ ನನ್ನನ್ನೇ ನೋಡುತ್ತಿದ್ದಳು.

“ಇಲ್ಲ ಸಾರ್, ಯಾವ ಫೋನೂ ಬಂದಿಲ್ಲ,” ಅಂದೆ.

ಮ್ಯಾನೇಜರ್ ಅಕ್ಕನತ್ತ ನೋಡಿದರು. “ಫೋನ್ ಮಾಡಿದ್ದಕ್ಕೆ ಏನಾದ್ರೂ ಗುರುತು ಇದ್ಯಾ?”

ಅವಳ ಮೊಬೈಲು ಕೈಯಲ್ಲೇ ಇತ್ತು. ಅವತ್ತಿನ ಕರೆ ಅದರಲ್ಲಿ ಖಂಡಿತ ಇದ್ದೇ ಇರುತ್ತದೆ. ತೆರೆದು ತೋರಿಸಿದ್ದರೆ ಕಾಗದ ಅವಳಿಗೆ, ಬೀದಿ ನನಗೆ. ಅವಳು ಒಂದು ಗಳಿಗೆ ಅದನ್ನೇ ನೋಡಿದಳು. ಆಮೇಲೆ ಅದನ್ನು ಚೀಲದೊಳಗೆ ಹಾಕಿದಳು.

“ಇಲ್ಲ ಸಾರ್. ನಾನೇ ಬೇರೆ ಯಾರಿಗೋ ಮಾಡಿರ್ಬೇಕು.”

ಮ್ಯಾನೇಜರ್ ಅರ್ಜಿಯನ್ನು ನನ್ನ ಮುಂದಿಟ್ಟು ಒಳಗೆ ಹೋದರು. ಅಕ್ಕ ಕಿಟಕಿಗೆ ಬಗ್ಗಿದಳು.

“ನನ್ನ ಕೆಲಸ ಹೋಯ್ತು. ನಿಂದೂ ಹೋದ್ರೆ ಅಮ್ಮನ ಔಷಧಿಗೆ ಯಾರೇ ದಿಕ್ಕು? ಒತ್ತು.”

ಅವಳು ನೋಡುತ್ತಿದ್ದಂತೆಯೇ ಒತ್ತಿದೆ.